ಗೆರೆ ದಾಟಿದ ಸಂಗೀತ: ಜಾಝ್ ಹುಟ್ಟಿ ಬೆಳೆದ ಬಗೆ

1917ರ ಫೆಬ್ರುವರಿ 26ರಂದು ನ್ಯೂಯಾರ್ಕ್‌ನ ವಿಕ್ಟರ್ ಕಂಪನಿಗಾಗಿ ಐವರು ವಾದಕರ ತಂಡವೊಂದು ಎರಡು ಗತ್ತುಗಳನ್ನು ನುಡಿಸಿ ಧ್ವನಿಮುದ್ರಿಸಿತು. ಅವುಗಳಲ್ಲಿ ಒಂದರ ಹೆಸರು 'ಲಿವರಿ ಸ್ಟೇಬಲ್ ಬ್ಲೂಸ್'. ಅದರಲ್ಲಿ ಕಾರ್ನೆಟ್ ಕುದುರೆಯಂತೆ ಕೆನೆಯುತ್ತದೆ, ಕ್ಲಾರಿನೆಟ್ ಹುಂಜದಂತೆ ಕೂಗುತ್ತದೆ, ಟ್ರೊಂಬೋನ್ ಹಸುವಿನಂತೆ 'ಅಂಬಾ' ಎನ್ನುತ್ತದೆ. ಜನ ಈ ತಮಾಷೆಗೆ ಮನಸೋತರು. ಗ್ರಾಮಾಫೋನ್ ತಟ್ಟೆ ಭರ್ಜರಿಯಾಗಿ ಮಾರಾಟವಾಯಿತು. ಜಗತ್ತಿನ ಮೊದಲ ಜಾಝ್ ಧ್ವನಿಮುದ್ರಿಕೆ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಗುರುತಿಸುವುದು ಇದನ್ನೇ.

ಆ ಐವರೂ ಅಮೆರಿಕದ ದಕ್ಷಿಣ ತುದಿಯ ನ್ಯೂ ಆರ್ಲಿಯನ್ಸ್ ನಗರದವರು. ಐವರೂ ಬಿಳಿಯರು. ತಂಡದ ಹೆಸರು 'ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡ್'. ಹೆಸರಿನಲ್ಲೇ 'ಮೂಲ' ಎಂಬ ಹಕ್ಕುಸ್ಥಾಪನೆ! ತಂಡದ ನಾಯಕ ನಿಕ್ ಲರೋಕ ಮುಂದಿನ ವರ್ಷಗಳಲ್ಲಿ ಜಾಝ್ ಸಂಗೀತಕ್ಕೂ ಕರಿಯರಿಗೂ ಸಂಬಂಧವೇ ಇಲ್ಲವೆಂದು ಬಹಿರಂಗವಾಗಿ ವಾದಿಸಿದ.

ಹಾಗಾದರೆ ಈ ಸಂಗೀತ ಯಾರದು? ಅದು ಎಲ್ಲಿ, ಹೇಗೆ ಹುಟ್ಟಿತು? ಈ ಪ್ರಶ್ನೆಗಳ ಬೆನ್ನುಹತ್ತಿದರೆ ಸಂಗೀತದ ಕತೆಯ ಜತೆಗೆ ಕಾನೂನಿನ ಕತೆಯೂ ಎದುರಾಗುತ್ತದೆ. ಮನುಷ್ಯರನ್ನು ಬಣ್ಣದ ಮೇಲೆ ಬೇರೆ ಮಾಡಲು ಹೊರಟ ಕಾನೂನುಗಳೇ ಎರಡು ಸಂಗೀತ ಪರಂಪರೆಗಳನ್ನು ಒಂದೆಡೆ ಸೇರಿಸಿದ ವಿಚಿತ್ರ ಕತೆ ಅದು.

ಕಾಂಗೊ ಚೌಕದ ಭಾನುವಾರಗಳು

ನ್ಯೂ ಆರ್ಲಿಯನ್ಸ್ ಅಮೆರಿಕದ ಉಳಿದ ನಗರಗಳಂತಲ್ಲ. 1718ರಲ್ಲಿ ಅದನ್ನು ಕಟ್ಟಿದವರು ಫ್ರೆಂಚರು. ಕೆಲವು ದಶಕ ಅದು ಸ್ಪೇನಿನ ವಶದಲ್ಲಿತ್ತು. ಅಮೆರಿಕ ಅದನ್ನು ಹಣ ಕೊಟ್ಟು ಕೊಂಡದ್ದು 1803ರಲ್ಲಿ. ಮಿಸಿಸಿಪ್ಪಿ ನದಿಯ ಈ ಬಂದರಿನಲ್ಲಿ ಒಪೆರಾ, ನೃತ್ಯಕೂಟ, ಮೆರವಣಿಗೆಗಳು ದಿನನಿತ್ಯದ ಬದುಕಿನ ಭಾಗವಾಗಿದ್ದವು. ಗುಲಾಮರ ಮಾರುಕಟ್ಟೆಯೂ ಅಷ್ಟೇ ದೊಡ್ಡದಿತ್ತು.

ಆಫ್ರಿಕದಿಂದ ಹಿಡಿದು ತಂದ ಜನರ ಬಳಿ ಉಳಿದಿದ್ದ ಆಸ್ತಿಯೆಂದರೆ ನೆನಪು ಮಾತ್ರ. ಅದರಲ್ಲಿ ಹಾಡಿತ್ತು, ಕುಣಿತವಿತ್ತು, ಲಯವಿತ್ತು. ಇಂಗ್ಲಿಷರ ವಸಾಹತುಗಳಲ್ಲಿ ಒಡೆಯರಿಗೆ ಡೋಲಿನ ಸದ್ದೆಂದರೆ ಭಯ. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ಡೋಲು ಬಾರಿಸುತ್ತ ದಂಗೆಯೆದ್ದರು. ಮರುವರ್ಷವೇ ಅಲ್ಲಿ ಗುಲಾಮರು ಡೋಲು ಬಳಸುವುದನ್ನು ಕಾನೂನು ನಿಷೇಧಿಸಿತು. ಫ್ರೆಂಚರ ಲೂಸಿಯಾನದಲ್ಲಿ ಪರಿಸ್ಥಿತಿ ಕೊಂಚ ಭಿನ್ನ. 1724ರ ಗುಲಾಮರ ಸಂಹಿತೆ ಕ್ರೂರವೇ ಆಗಿದ್ದರೂ ಭಾನುವಾರ ಕೆಲಸಕ್ಕೆ ಬಿಡುವು ಕೊಟ್ಟಿತ್ತು. ಆ ಒಂದು ದಿನ ಗುಲಾಮರು ನಗರದ ಅಂಚಿನ ಬಯಲಿನಲ್ಲಿ ಸೇರುತ್ತಿದ್ದರು, ಸಂತೆ ಮಾಡುತ್ತಿದ್ದರು, ಕುಣಿಯುತ್ತಿದ್ದರು. 1817ರಲ್ಲಿ ನಗರಾಡಳಿತ ಇಂತಹ ಕೂಟಗಳನ್ನು ಒಂದೇ ಜಾಗಕ್ಕೆ ಸೀಮಿತಗೊಳಿಸಿತು. ಅದೇ ಕಾಂಗೊ ಚೌಕ.

ಅಮೆರಿಕದ ಸಂಸತ್ ಭವನದ ನಿರ್ಮಾಣದಲ್ಲಿ ಕೆಲಸ ಮಾಡಿದ್ದ ವಾಸ್ತುಶಿಲ್ಪಿ ಬೆಂಜಮಿನ್ ಲಟ್ರೋಬ್ 1819ರಲ್ಲಿ ಈ ದೃಶ್ಯವನ್ನು ಕಣ್ಣಾರೆ ಕಂಡ. ಐದಾರು ನೂರು ಜನ ಸೇರಿದ್ದನ್ನೂ, ಅವರು ಗುಂಪುಗುಂಪಾಗಿ ವರ್ತುಲ ಕಟ್ಟಿ ಕುಣಿದದ್ದನ್ನೂ ದಿನಚರಿಯಲ್ಲಿ ಬರೆದಿಟ್ಟ. ಅಲ್ಲಿ ಕಂಡ ಡೋಲು, ತಂತಿವಾದ್ಯಗಳ ಚಿತ್ರವನ್ನೂ ಬಿಡಿಸಿದ. ಅವನಿಗೆ ಆ ಸಂಗೀತ ಒಂದಿಷ್ಟೂ ಹಿಡಿಸಲಿಲ್ಲ. ಆದರೂ ಅವನ ಟಿಪ್ಪಣಿಯೇ ಇಂದು ಅಮೂಲ್ಯ ದಾಖಲೆ.

ಕಾಂಗೊ ಚೌಕದಲ್ಲಿ ಜಾಝ್ ಹುಟ್ಟಿತು ಎನ್ನುವುದು ಸರಿಯಲ್ಲ. ಆ ಕೂಟಗಳು ನಿಂತ ಹಲವು ದಶಕಗಳ ನಂತರವೇ ಜಾಝ್ ರೂಪ ಪಡೆದದ್ದು. ಆದರೆ ಬೇರೆಡೆ ಹೊಸಕಿಹಾಕಿದ ಆಫ್ರಿಕದ ಲಯ ಈ ನಗರದ ಕಿವಿಯಲ್ಲಿ ಉಳಿದುಕೊಂಡದ್ದು ಇಂತಹ ಭಾನುವಾರಗಳಿಂದ.

ಬೇರುಗಳು ಹಲವು

ಹತ್ತಿ, ಕಬ್ಬಿನ ಹೊಲಗಳಲ್ಲಿ ದುಡಿಯುವವರು ಆಯಾಸ ಮರೆಯಲು ಹಾಡುತ್ತಿದ್ದರು. ಒಬ್ಬ ಸಾಲು ಎತ್ತಿಕೊಟ್ಟರೆ ಉಳಿದವರು ಉತ್ತರ ಕೊಡುವುದು ಅದರ ಕ್ರಮ. ಚರ್ಚುಗಳಲ್ಲಿ ಇದೇ ಕ್ರಮ 'ಸ್ಪಿರಿಚುವಲ್' ಎಂಬ ಭಕ್ತಿಗೀತೆಗಳಾಯಿತು. 1865ರಲ್ಲಿ ಗುಲಾಮಗಿರಿ ರದ್ದಾದ ನಂತರ ಕೆಲಸ ಹುಡುಕುತ್ತ ಊರೂರು ಅಲೆದವರ ಬಾಯಲ್ಲಿ ಒಂಟಿದನಿಯ 'ಬ್ಲೂಸ್' ಮೂಡಿತು. ಬ್ಲೂಸ್‌ನ ಸಾಮಾನ್ಯ ಚೌಕಟ್ಟು ಸರಳ: ಒಂದು ಸಾಲನ್ನು ಎರಡು ಬಾರಿ ಹಾಡುವುದು, ಮೂರನೆಯ ಸಾಲಿನಲ್ಲಿ ಅದಕ್ಕೊಂದು ಉತ್ತರ. ಇದರಲ್ಲಿ ಗಾಂಧಾರ, ನಿಷಾದಗಳನ್ನು ಪಾಶ್ಚಾತ್ಯ ಶ್ರುತಿಗಿಂತ ತುಸು ಇಳಿಸಿ, ಜಾರಿಸಿ ಹಾಡುತ್ತಾರೆ. ಕೇಳುವವರ ಎದೆ ಹಿಂಡುವ ನೋವು ಹೊಮ್ಮುವುದು ಆ ಇಳಿಸಿದ ಸ್ವರಗಳಿಂದ.

ಇನ್ನೊಂದು ಬೇರು 'ರ‍್ಯಾಗ್‌ಟೈಮ್'. ಇದು ಪಿಯಾನೊ ಸಂಗೀತ. ಎಡಗೈ ಕವಾಯತಿನಂತೆ ನಿಯಮಿತವಾಗಿ ತಾಳ ಹಾಕಿದರೆ, ಬಲಗೈ ಆ ಪೆಟ್ಟುಗಳನ್ನು ತಪ್ಪಿಸಿ ಮುಂದೆ ಹಿಂದೆ ಕುಣಿಯುತ್ತದೆ. ಇದರ ಹೆಸರಾಂತ ರಚನಕಾರ ಸ್ಕಾಟ್ ಜೋಪ್ಲಿನ್‌ನ 'ಮೇಪಲ್ ಲೀಫ್ ರ‍್ಯಾಗ್' 1899ರಲ್ಲಿ ಪ್ರಕಟವಾಯಿತು. ಇವೆಲ್ಲದರ ಜತೆಗೆ ನ್ಯೂ ಆರ್ಲಿಯನ್ಸ್‌ನ ಬೀದಿಗಳಲ್ಲಿ ಹಿತ್ತಾಳೆ ವಾದ್ಯಗಳ ಬ್ಯಾಂಡುಗಳಿದ್ದವು. ಕರಿಯರ ಸಹಾಯಕ ಸಂಘಗಳ ಸದಸ್ಯರು ಯಾರಾದರೂ ತೀರಿಕೊಂಡರೆ ಶವಯಾತ್ರೆಗೆ ಬ್ಯಾಂಡ್ ಬರುತ್ತಿತ್ತು. ಸ್ಮಶಾನಕ್ಕೆ ಹೋಗುವಾಗ ನಿಧಾನ ಗತಿಯ ಶೋಕಗೀತೆ, ಮಣ್ಣು ಮಾಡಿ ಮರಳುವಾಗ ಜನ ಬೀದಿಯಲ್ಲೇ ಕುಣಿಯುವಂತಹ ಹುರುಪಿನ ಸಂಗೀತ. ಈ ಪದ್ಧತಿ ಅಲ್ಲಿ ಈಗಲೂ ಇದೆ.

ಬೇರುಗಳೆಲ್ಲ ಇದ್ದವು. ಆದರೆ ಇವು ಒಂದಕ್ಕೊಂದು ಹೆಣೆದುಕೊಳ್ಳಲು ಬೇರೊಂದು ಬೆಳವಣಿಗೆ ಕಾರಣವಾಯಿತು.

ರೈಲು ಬೋಗಿಯ ಪ್ರಕರಣ

ನ್ಯೂ ಆರ್ಲಿಯನ್ಸ್‌ನಲ್ಲಿ ಕರಿಯರು, ಬಿಳಿಯರು ಅಲ್ಲದೆ ಮೂರನೆಯದೊಂದು ಗುಂಪಿತ್ತು. ಅವರು ಕ್ರಿಯೋಲರು. ಫ್ರೆಂಚ್ ಅಥವಾ ಸ್ಪ್ಯಾನಿಷ್ ಗಂಡಸರಿಗೂ ಆಫ್ರಿಕದ ಹೆಂಗಸರಿಗೂ ಹುಟ್ಟಿದವರ ಸಂತತಿ. ಇವರಲ್ಲಿ ಅನೇಕರು ಅಂತರ್ಯುದ್ಧಕ್ಕೆ ಮುಂಚೆಯೇ ಸ್ವತಂತ್ರರಾಗಿದ್ದರು. ಫ್ರೆಂಚ್ ಮಾತಾಡುತ್ತಿದ್ದರು, ಕ್ಯಾಥೊಲಿಕ್ ಚರ್ಚಿಗೆ ಹೋಗುತ್ತಿದ್ದರು, ಬಡಗಿ, ಚಮ್ಮಾರ, ಚುಟ್ಟಾ ಕಟ್ಟುವವರಂತಹ ಕುಶಲಕರ್ಮಿಗಳಾಗಿ ನೆಲೆನಿಂತಿದ್ದರು. ಮಕ್ಕಳಿಗೆ ಗುರುಗಳ ಬಳಿ ಕ್ಲಾರಿನೆಟ್, ಪಿಟೀಲು ಕಲಿಸುತ್ತಿದ್ದರು. ಅವರ ವಾದಕರು ಸ್ವರಲಿಪಿ ಓದಿ ಅಚ್ಚುಕಟ್ಟಾಗಿ ನುಡಿಸುವವರು. ನಗರದ ನಡುವೆ ಹಾಯುವ ಕೆನಾಲ್ ಬೀದಿಯ ಆಚೆಗಿದ್ದ ಬಡ ಕರಿಯರು ಸ್ವರಲಿಪಿ ಅರಿಯದವರು, ಕೇಳಿ ಕಲಿತವರು. ಅವರ ಒರಟು ವಾದನ ಕಂಡರೆ ಕ್ರಿಯೋಲರಿಗೆ ತಾತ್ಸಾರ.

ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳು ಮೆಲ್ಲಗೆ ಹಳೆಯ ವ್ಯವಸ್ಥೆಯನ್ನು ಬೇರೆ ರೂಪದಲ್ಲಿ ತಂದವು. 1890ರಲ್ಲಿ ಲೂಸಿಯಾನ ರಾಜ್ಯ ರೈಲುಗಳಲ್ಲಿ ಬಿಳಿಯರಿಗೂ ಕರಿಯರಿಗೂ ಪ್ರತ್ಯೇಕ ಬೋಗಿಗಳಿರಬೇಕೆಂದು ಕಾನೂನು ಮಾಡಿತು. ಕ್ರಿಯೋಲರ ನಾಗರಿಕ ಸಮಿತಿ ಇದನ್ನು ಪ್ರಶ್ನಿಸಲು ನಿರ್ಧರಿಸಿತು. 1892ರ ಜೂನ್ 7ರಂದು ಹೋಮರ್ ಪ್ಲೆಸ್ಸಿ ಎಂಬ ಚಮ್ಮಾರ ಬೇಕೆಂದೇ ಬಿಳಿಯರ ಬೋಗಿಯಲ್ಲಿ ಕುಳಿತು ಬಂಧನಕ್ಕೊಳಗಾದ. ಅವನ ಮುತ್ತಜ್ಜ, ಮುತ್ತಜ್ಜಿಯರ ಎಂಟು ಮಂದಿಯಲ್ಲಿ ಏಳು ಮಂದಿ ಬಿಳಿಯರು. ನೋಡಿದವರಿಗೆ ಅವನು ಬಿಳಿಯನಂತೆಯೇ ಕಾಣುತ್ತಿದ್ದ.

ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 1896ರ ಮೇ 18ರಂದು ನ್ಯಾಯಾಲಯ 7-1 ಮತಗಳಿಂದ ಕಾನೂನನ್ನು ಎತ್ತಿಹಿಡಿಯಿತು. ಸೌಲಭ್ಯ ಸಮಾನವಾಗಿದ್ದರೆ ಬೇರೆ ಬೇರೆ ಇಡುವುದು ತಪ್ಪಲ್ಲ ಎಂಬುದು ತೀರ್ಪಿನ ಸಾರ. ಸಂವಿಧಾನಕ್ಕೆ ಬಣ್ಣ ಕಾಣಬಾರದು ಎಂದು ಭಿನ್ನಮತ ಬರೆದವನು ನ್ಯಾಯಮೂರ್ತಿ ಜಾನ್ ಹಾರ್ಲನ್ ಒಬ್ಬನೇ. ಈ ತೀರ್ಪಿನ ನೆರಳಲ್ಲಿ ಶಾಲೆ, ಆಸ್ಪತ್ರೆ, ಉದ್ಯಾನ ಎಲ್ಲ ಕಡೆ ಗೆರೆ ಎಳೆಯಲಾಯಿತು. 1898ರಲ್ಲಿ ಲೂಸಿಯಾನ ತನ್ನ ಸಂವಿಧಾನವನ್ನೇ ಬದಲಿಸಿ ಕರಿಯರ ಮತದಾನದ ಹಕ್ಕನ್ನು ಕಸಿದುಕೊಂಡಿತು. 1896ರಲ್ಲಿ ಸುಮಾರು 1,30,000 ಇದ್ದ ಕರಿಯ ಮತದಾರರ ಸಂಖ್ಯೆ 1900ರ ಹೊತ್ತಿಗೆ ಐದು ಸಾವಿರದ ಆಸುಪಾಸಿಗೆ ಇಳಿಯಿತು.

ಕಾನೂನಿನ ಕಣ್ಣಲ್ಲಿ ಕ್ರಿಯೋಲರೂ ಈಗ ಕರಿಯರೇ. ಬಿಳಿಯರ ಮನೆಗಳ ನೃತ್ಯಕೂಟಗಳಲ್ಲಿ ನುಡಿಸುವ ಅವಕಾಶ ಕಡಿಮೆಯಾಯಿತು. ಹೊಟ್ಟೆಪಾಡಿಗಾಗಿ ಅವರು ಕೆನಾಲ್ ಬೀದಿ ದಾಟಿ ತಾವು ಹಗುರವಾಗಿ ಕಂಡಿದ್ದ ವಾದಕರ ಪಕ್ಕದಲ್ಲೇ ಕೂರಬೇಕಾಯಿತು. ಇದು ಒಂದು ದಿನದಲ್ಲಿ ಆದ ಬದಲಾವಣೆಯಲ್ಲ, ಮನಸ್ತಾಪಗಳೂ ಇದ್ದವು. ಆದರೆ ಕ್ರಿಯೋಲರು ಬ್ಲೂಸ್‌ನ ಬಾಗು ಬಳುಕನ್ನು ಕಲಿತರು, ಆಚೆ ಬೀದಿಯವರು ವಾದ್ಯದ ಮೇಲಿನ ಹಿಡಿತವನ್ನೂ ಸ್ವರಮೇಳದ ಶಿಸ್ತನ್ನೂ ಕಲಿತರು. ಓದುವ ಕಣ್ಣು, ಕೇಳುವ ಕಿವಿ ಒಂದಾದಾಗ ಜಾಝ್ ಮೈತಳೆಯಿತು.

ಜಾಝ್‌ನ ಜೀವಾಳ ಮನೋಧರ್ಮ. ನಮ್ಮ ಸಂಗೀತಗಾರರು ರಾಗದ ಎಲ್ಲೆಯೊಳಗೆ ಕಲ್ಪನಾಸ್ವರ ಹಾಕಿದಂತೆ, ಜಾಝ್ ವಾದಕ ಹಾಡೊಂದರ ಸ್ವರಮೇಳಗಳ ಸರಣಿಯನ್ನು ಆಧರಿಸಿ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತಾನೆ. ನ್ಯೂ ಆರ್ಲಿಯನ್ಸ್‌ನ ಆರಂಭದ ತಂಡಗಳಲ್ಲಿ ಕಾರ್ನೆಟ್ ಹಾಡನ್ನು ಹಿಡಿದು ನಡೆದರೆ, ಕ್ಲಾರಿನೆಟ್ ಅದರ ಮೇಲೆ ಬಳ್ಳಿಯಂತೆ ಹಬ್ಬುತ್ತಿತ್ತು, ಟ್ರೊಂಬೋನ್ ಕೆಳಗಿನಿಂದ ಆಧಾರ ಕೊಡುತ್ತಿತ್ತು. ಮೂವರೂ ಒಟ್ಟಿಗೇ ಮನೋಧರ್ಮ ತೋರಿದರೂ ಒಬ್ಬರ ಕಾಲಿಗೆ ಇನ್ನೊಬ್ಬರು ಅಡ್ಡ ಬರುತ್ತಿರಲಿಲ್ಲ.

ದನಿ ಉಳಿಯದ ದೊರೆ

ಈ ಹೊಸ ಸಂಗೀತದ ಮೊದಲ ನಾಯಕನೆಂದು ಹಳೆಯ ವಾದಕರು ಒಮ್ಮತದಿಂದ ನೆನೆಯುತ್ತಿದ್ದ ಹೆಸರು ಬಡ್ಡಿ ಬೋಲ್ಡನ್. 1877ರಲ್ಲಿ ಹುಟ್ಟಿದ ಈ ಕರಿಯ ಕಾರ್ನೆಟ್ ವಾದಕನನ್ನು ಜನ 'ಕಿಂಗ್' ಎಂದೇ ಕರೆದರು. ಉದ್ಯಾನದ ಒಂದು ಮೂಲೆಯಲ್ಲಿ ಅವನು ಊದಿದರೆ ಮೈಲಿಗಳಾಚೆಗೆ ಕೇಳುತ್ತಿತ್ತು ಎಂಬ ದಂತಕತೆಯಿದೆ. 1907ರಲ್ಲಿ, ಮೂವತ್ತು ತುಂಬುವ ಮೊದಲೇ, ಮಾನಸಿಕ ಕಾಯಿಲೆಯಿಂದಾಗಿ ಅವನನ್ನು ಆಸ್ಪತ್ರೆಗೆ ಸೇರಿಸಲಾಯಿತು. 24 ವರ್ಷ ಅಲ್ಲೇ ಇದ್ದು 1931ರಲ್ಲಿ ತೀರಿಕೊಂಡ. ಬಡವರ ಸ್ಮಶಾನದಲ್ಲಿ ಗುರುತಿಲ್ಲದ ಗೋರಿ ಅವನ ಪಾಲಿಗೆ ಬಂತು. ಅವನ ವಾದನದ ಒಂದೇ ಒಂದು ಧ್ವನಿಮುದ್ರಿಕೆಯೂ ಸಿಕ್ಕಿಲ್ಲ.

ಜಾಝ್ ಹುಟ್ಟಿದ್ದು ವೇಶ್ಯಾಗೃಹಗಳಲ್ಲಿ ಎಂಬ ಮಾತು ಬಹಳ ಪ್ರಚಲಿತ. 1897ರಲ್ಲಿ ನಗರಸಭೆ ವೇಶ್ಯಾವೃತ್ತಿಗೆಂದು ಗಡಿ ಹಾಕಿಕೊಟ್ಟ 'ಸ್ಟೋರಿವಿಲ್' ಬಡಾವಣೆಯಲ್ಲಿ ಜೆಲ್ಲಿ ರೋಲ್ ಮಾರ್ಟನ್‌ನಂತಹ ಪಿಯಾನೊ ವಾದಕರು ನುಡಿಸಿದ್ದು ನಿಜ. ಆದರೆ ಬ್ಯಾಂಡುಗಳು ಹೆಚ್ಚಾಗಿ ನುಡಿಸುತ್ತಿದ್ದುದು ಉದ್ಯಾನ, ವನಭೋಜನ, ನೃತ್ಯಶಾಲೆ, ಮೆರವಣಿಗೆ, ಶವಯಾತ್ರೆಗಳಲ್ಲಿ. ಒಂದು ಜನಾಂಗದ ಸಾಧನೆಗೆ ಕಳಂಕ ಹಚ್ಚಲು 'ಕೆಂಪುದೀಪದ ಸಂಗೀತ' ಎಂಬ ಹಣೆಪಟ್ಟಿ ಅನುಕೂಲವಾಗಿತ್ತು, ಅಷ್ಟೆ.

'ಜಾಝ್' ಎಂಬ ಹೆಸರೂ ಈ ಊರಿನದಲ್ಲ. 1912-13ರಲ್ಲಿ ಕ್ಯಾಲಿಫೋರ್ನಿಯದ ಪತ್ರಿಕೆಗಳು ಬೇಸ್‌ಬಾಲ್ ವರದಿಗಳಲ್ಲಿ ಹುರುಪು, ಕಸುವು ಎಂಬ ಅರ್ಥದಲ್ಲಿ ಬಳಸುತ್ತಿದ್ದ ಆಡುಮಾತು ಅದು. ಶಿಕಾಗೋದಲ್ಲಿ ಈ ಸಂಗೀತಕ್ಕೆ ಅಂಟಿಕೊಂಡಿತು.

ಉತ್ತರದ ರೈಲು

ಮೊದಲ ಮಹಾಯುದ್ಧದ ಕಾಲಕ್ಕೆ ಉತ್ತರದ ಕಾರ್ಖಾನೆಗಳಿಗೆ ಕೆಲಸಗಾರರು ಬೇಕಾದರು. ದಕ್ಷಿಣದ ಬಡತನ, ಅವಮಾನ, ಗುಂಪುಹತ್ಯೆಗಳಿಂದ ತಪ್ಪಿಸಿಕೊಳ್ಳಲು ಕರಿಯರು ಸಾಗರೋಪಾದಿಯಲ್ಲಿ ಶಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕ್‌ಗಳತ್ತ ಹೊರಟರು. 1970ರವರೆಗೆ ನಡೆದ ಈ ಮಹಾವಲಸೆಯಲ್ಲಿ ಊರು ಬಿಟ್ಟವರು ಸುಮಾರು 60 ಲಕ್ಷ. ಅವರ ಜತೆ ವಾದಕರೂ ಹೊರಟರು.

ಅವರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಒಬ್ಬ. 1901ರಲ್ಲಿ ನ್ಯೂ ಆರ್ಲಿಯನ್ಸ್‌ನ ಕಡುಬಡತನದ ಕೇರಿಯಲ್ಲಿ ಹುಟ್ಟಿದ ಹುಡುಗ. ಹೊಸ ವರ್ಷದ ಸಂಭ್ರಮದಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ, 1913ರ ಜನವರಿಯಲ್ಲಿ ಕರಿಯ ಮಕ್ಕಳ ಸುಧಾರಣಾ ಗೃಹ ಸೇರಿದ. ಅಲ್ಲಿನ ಬ್ಯಾಂಡಿನಲ್ಲಿ ಅವನಿಗೆ ಕಾರ್ನೆಟ್‌ನ ಶಿಸ್ತಿನ ಶಿಕ್ಷಣ ಸಿಕ್ಕಿತು. 1922ರಲ್ಲಿ ಗುರು ಕಿಂಗ್ ಆಲಿವರ್ ಶಿಕಾಗೋಕ್ಕೆ ಕರೆಸಿಕೊಂಡ. ಮರುವರ್ಷ ಈ ತಂಡ ಇಂಡಿಯಾನ ರಾಜ್ಯದ ರಿಚ್ಮಂಡ್ ಪಟ್ಟಣದ ಜೆನೆಟ್ ಕಂಪನಿಯಲ್ಲಿ ಧ್ವನಿಮುದ್ರಣ ಮಾಡಿತು. ಸ್ಟುಡಿಯೋದ ಪಕ್ಕದಲ್ಲೇ ರೈಲುಹಳಿ. ರೈಲು ಬಂದರೆ ಕೆಲಸ ನಿಲ್ಲಿಸಬೇಕು. ಕರಿಯರ ಶತ್ರುವಾದ ಕು ಕ್ಲಕ್ಸ್ ಕ್ಲಾನ್ ಸಂಘಟನೆಯವರಿಗೂ ಇದೇ ಕಂಪನಿ ತಟ್ಟೆಗಳನ್ನು ಮಾಡಿಕೊಡುತ್ತಿತ್ತು! 1925ರಿಂದ ಆರ್ಮ್‌ಸ್ಟ್ರಾಂಗ್ ತನ್ನದೇ 'ಹಾಟ್ ಫೈವ್' ತಂಡದೊಂದಿಗೆ ಮಾಡಿದ ಧ್ವನಿಮುದ್ರಿಕೆಗಳು ಜಾಝ್‌ನ ದಿಕ್ಕನ್ನೇ ಬದಲಿಸಿದವು. ಸಾಮೂಹಿಕ ವಾದನದ ಜಾಗಕ್ಕೆ ಒಬ್ಬ ಕಲಾವಿದನ ಏಕಾಂಗಿ ವಿಸ್ತಾರ ಬಂತು.

ಹುಚ್ಚು ಮತ್ತು ಹೆದರಿಕೆ

1920ರ ದಶಕಕ್ಕೆ 'ಜಾಝ್ ಯುಗ' ಎಂಬ ಹೆಸರನ್ನು ಬಳಕೆಗೆ ತಂದವನು ಕಾದಂಬರಿಕಾರ ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್. ಪಾನನಿರೋಧ ಜಾರಿಯಲ್ಲಿದ್ದರೂ ಕಳ್ಳಭಟ್ಟಿಯ ಕ್ಲಬ್ಬುಗಳು ರಾತ್ರಿಯಿಡೀ ತೆರೆದಿದ್ದವು. ಯುವತಿಯರು ಕೂದಲು ಕತ್ತರಿಸಿ, ಗಿಡ್ಡ ಲಂಗ ತೊಟ್ಟು ಕುಣಿಯತೊಡಗಿದರು. ಹಿರಿಯರು ಬೆಚ್ಚಿದರು. 'ಲೇಡೀಸ್ ಹೋಮ್ ಜರ್ನಲ್' ಪತ್ರಿಕೆ 1921ರಲ್ಲಿ ಜಾಝ್‌ನ ಲಯದಲ್ಲೇ ಪಾಪವಿದೆಯೇ ಎಂದು ಕೇಳುವ ಲೇಖನ ಪ್ರಕಟಿಸಿತು. ವಿರೋಧ ಬಿಳಿಯರಿಂದ ಮಾತ್ರ ಬರಲಿಲ್ಲ. ಕರಿಯರ ಚರ್ಚುಗಳೂ, ಗೌರವಸ್ಥ ಕುಟುಂಬಗಳೂ ಇದನ್ನು ಪೋಲಿಗಳ ಸಂಗೀತವೆಂದು ದೂರವಿಟ್ಟವು.

ಆದರೆ ಹಣವೇನೋ ಹರಿಯುತ್ತಿತ್ತು. ಮೇಮಿ ಸ್ಮಿತ್ 1920ರಲ್ಲಿ ಹಾಡಿದ 'ಕ್ರೇಜಿ ಬ್ಲೂಸ್' ಗೆದ್ದಾಗ ಕರಿಯರೂ ತಟ್ಟೆ ಕೊಳ್ಳುತ್ತಾರೆ ಎಂಬುದು ಕಂಪನಿಗಳಿಗೆ ಹೊಳೆಯಿತು. 'ರೇಸ್ ರೆಕಾರ್ಡ್ಸ್' ಎಂಬ ಪ್ರತ್ಯೇಕ ಪಟ್ಟಿಯೇ ಸಿದ್ಧವಾಯಿತು. ಗೆರೆ ಇಲ್ಲಿಗೂ ಬಂತು. ನ್ಯೂಯಾರ್ಕ್‌ನ ಕರಿಯರ ಬಡಾವಣೆ ಹಾರ್ಲೆಮ್‌ನಲ್ಲಿದ್ದ ಕಾಟನ್ ಕ್ಲಬ್ ಇದರ ಕನ್ನಡಿ. 1927ರಿಂದ ಡ್ಯೂಕ್ ಎಲಿಂಗ್ಟನ್‌ನ ತಂಡ ಅಲ್ಲಿ ನುಡಿಸಿ ರೇಡಿಯೋ ಮೂಲಕ ದೇಶಕ್ಕೇ ಪರಿಚಿತವಾಯಿತು. ವೇದಿಕೆಯ ಮೇಲಿದ್ದವರು ಕರಿಯರು; ಪ್ರೇಕ್ಷಕರಾಗಿ ಒಳಗೆ ಪ್ರವೇಶವಿದ್ದದ್ದು ಬಿಳಿಯರಿಗೆ. ದಕ್ಷಿಣದ ಪ್ರವಾಸಗಳಲ್ಲಿ ಹೋಟೆಲುಗಳು ಕೊಠಡಿ ಕೊಡದ ಕಾರಣ ಎಲಿಂಗ್ಟನ್ ತನ್ನ ತಂಡಕ್ಕಾಗಿ ರೈಲು ಬೋಗಿಗಳನ್ನೇ ಬಾಡಿಗೆಗೆ ಪಡೆದು ಅವುಗಳಲ್ಲೇ ಮಲಗುವ ವ್ಯವಸ್ಥೆ ಮಾಡಿಕೊಂಡ. ಪ್ಲೆಸ್ಸಿಯನ್ನು ಕೆಳಗಿಳಿಸಿದ ರೈಲೇ ಈ ಕಲಾವಿದರಿಗೆ ಮಾನ ಉಳಿಸುವ ಮನೆಯಾಯಿತು.

ವೇದಿಕೆಯಲ್ಲಿ ಅಳಿಸಿದ ಗೆರೆ

ಬಿಳಿಯ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಜಾಝ್ ಇತಿಹಾಸದಲ್ಲಿ ಇನ್ನೊಂದು ತಿರುವು. ಪಿಯಾನೊ ವಾದಕ ಟೆಡ್ಡಿ ವಿಲ್ಸನ್, ವೈಬ್ರಾಫೋನ್ ವಾದಕ ಲಯನೆಲ್ ಹ್ಯಾಂಪ್ಟನ್ ಎಂಬ ಇಬ್ಬರು ಕರಿಯರನ್ನು 1936ರಲ್ಲಿ ತನ್ನ ಜತೆ ಸಾರ್ವಜನಿಕ ವೇದಿಕೆಯಲ್ಲಿ ಕೂರಿಸಿಕೊಂಡ. 1938ರ ಜನವರಿ 16ರಂದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗುಡಿಯಂತಿದ್ದ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ನುಡಿಸಿದರು. ಅಮೆರಿಕದ ಪ್ರಮುಖ ಬೇಸ್‌ಬಾಲ್ ಲೀಗಿನಲ್ಲಿ ಕರಿಯ ಆಟಗಾರ ಜಾಕಿ ರಾಬಿನ್‌ಸನ್‌ಗೆ ಜಾಗ ಸಿಕ್ಕಿದ್ದು 1947ರಲ್ಲಿ, ಸೇನೆಯಲ್ಲಿ ಭೇದ ತೊಡೆಯಲು ಆದೇಶ ಬಂದದ್ದು 1948ರಲ್ಲಿ. ಶಾಲೆಗಳಲ್ಲಿನ ಪ್ರತ್ಯೇಕತೆ ಅಕ್ರಮವೆಂದು ಸುಪ್ರೀಂ ಕೋರ್ಟ್ ಹೇಳಲು 1954 ಬರಬೇಕಾಯಿತು. ವಾದ್ಯವೃಂದ ಇವೆಲ್ಲಕ್ಕಿಂತ ಮುಂದಿತ್ತು.

1939ರಲ್ಲಿ ಬಿಲ್ಲಿ ಹಾಲಿಡೇ 'ಸ್ಟ್ರೇಂಜ್ ಫ್ರೂಟ್' ಹಾಡಿದಳು. ಗುಂಪುಹತ್ಯೆಗೆ ಸಿಕ್ಕಿ ಮರಕ್ಕೆ ನೇತುಬಿದ್ದ ಕರಿಯರ ಶವಗಳನ್ನು ಕುರಿತ ಹಾಡು ಅದು. ಅವಳ ಸ್ವಂತ ಕಂಪನಿ ಮುದ್ರಿಸಲು ಹಿಂಜರಿದಾಗ ಸಣ್ಣ ಕಂಪನಿಯೊಂದು ಮುಂದೆ ಬಂತು. ಕುಣಿಸುವ ಸಂಗೀತವೆಂದು ಹೆಸರಾದದ್ದು ಕೇಳುಗರನ್ನು ಮೌನವಾಗಿಸಿದ ಸಂದರ್ಭ ಅದು.

ಸದಾ ನಗುಮುಖದ ಆರ್ಮ್‌ಸ್ಟ್ರಾಂಗ್‌ನನ್ನು ಬಿಳಿಯರನ್ನು ರಂಜಿಸುವವನೆಂದು ಕಿರಿಯ ಕರಿಯ ಕಲಾವಿದರು ಟೀಕಿಸುತ್ತಿದ್ದರು. 1957ರಲ್ಲಿ ಲಿಟ್ಲ್ ರಾಕ್ ನಗರದ ಶಾಲೆಗೆ ಕರಿಯ ಮಕ್ಕಳು ಹೋಗದಂತೆ ರಾಜ್ಯಪಾಲ ಪಡೆ ನಿಲ್ಲಿಸಿದಾಗ, ಅದೇ ಆರ್ಮ್‌ಸ್ಟ್ರಾಂಗ್ ಸರ್ಕಾರದ ಪರವಾಗಿ ಕೈಗೊಳ್ಳಬೇಕಿದ್ದ ಸೋವಿಯತ್ ಪ್ರವಾಸಕ್ಕೆ ಹೋಗುವುದಿಲ್ಲವೆಂದು ಸಿಡಿದೆದ್ದ. ಕರಿಯರೂ ಬಿಳಿಯರೂ ಒಟ್ಟಾಗಿ ಕಾರ್ಯಕ್ರಮ ಕೊಡುವುದನ್ನು ಲೂಸಿಯಾನ 1956ರಲ್ಲಿ ನಿಷೇಧಿಸಿತ್ತು. ತನ್ನ ಮಿಶ್ರ ತಂಡಕ್ಕೆ ಜಾಗವಿಲ್ಲದ ಹುಟ್ಟೂರಿನಲ್ಲಿ ತಾನು ನುಡಿಸುವುದಿಲ್ಲ ಎಂದು ಅವನು ಹಟ ಹಿಡಿದ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೆ, 1965ರಲ್ಲಷ್ಟೇ ಅಲ್ಲಿ ಮತ್ತೆ ಕಹಳೆ ಊದಿದ.

ಸಾಗರ ದಾಟಿ

ಜಾಝ್ ಭಾರತಕ್ಕೆ ಬಂದದ್ದು ತಡವಾಗಿಯೇನಲ್ಲ. 1935ರಲ್ಲಿ ಲಿಯಾನ್ ಅಬ್ಬಿಯ ಕರಿಯ ಕಲಾವಿದರ ತಂಡ ಮುಂಬೈನ ತಾಜ್ ಹೋಟೆಲಿನಲ್ಲಿ ನುಡಿಸಿತು. ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ ಇಲ್ಲೇ ಉಳಿದು 1945ರಲ್ಲಿ ಕೋಲ್ಕತ್ತದಲ್ಲಿ ನಿಧನನಾದ. ಇವರಿಂದ ಕಲಿತ ಗೋವಾದ ವಾದಕರು ಹಿಂದಿ ಚಿತ್ರಗಳ ವಾದ್ಯವೃಂದ ಸೇರಿದರು. 1951ರ 'ಅಲ್ಬೇಲಾ' ಚಿತ್ರದ ಹಾಡುಗಳಲ್ಲಿ ಆ ಗಾಳಿಯನ್ನು ಯಾರೂ ಗುರುತಿಸಬಹುದು.

ಕರ್ನಾಟಕದ ನಂಟೂ ಉಂಟು. ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ, ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜತೆ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆ ತಂದಿತು. ಬಂಟ್ವಾಳ ತಾಲ್ಲೂಕಿನ ನಾಗಸ್ವರ ಮನೆತನದ ಕದ್ರಿ ಗೋಪಾಲನಾಥ್ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1980ರಲ್ಲಿ ಮುಂಬೈನ ಜಾಝ್ ಉತ್ಸವದಲ್ಲಿ ಜಾನ್ ಹ್ಯಾಂಡಿ ಜತೆ ನುಡಿಸಿದರು. 2008ರಲ್ಲಿ ರುದ್ರೇಶ್ ಮಹಾಂತಪ್ಪ ಅವರೊಂದಿಗೆ 'ಕಿನ್ಸ್‌ಮೆನ್' ತಂದರು. ಬಿಳಿಯರ ಸೇನಾ ಬ್ಯಾಂಡಿನ ವಾದ್ಯವನ್ನು ಬೇರೆ ಜನ ತಮ್ಮ ದನಿಯಾಗಿ ಮಾಡಿಕೊಂಡದ್ದು ನ್ಯೂ ಆರ್ಲಿಯನ್ಸ್‌ನಲ್ಲಿ ಮಾತ್ರವಲ್ಲ ಎಂಬುದಕ್ಕೆ ಇದು ನಿದರ್ಶನ.

ಲೆಕ್ಕ ಚುಕ್ತಾ ಆಯಿತೆ?

1987ರಲ್ಲಿ ಅಮೆರಿಕದ ಸಂಸತ್ತು ಜಾಝ್ ಸಂಗೀತವನ್ನು ರಾಷ್ಟ್ರದ ಅಪರೂಪದ ಸಂಪತ್ತು ಎಂದು ಗೊತ್ತುವಳಿಯ ಮೂಲಕ ಸಾರಿತು. 2011ರಲ್ಲಿ ಯುನೆಸ್ಕೊ ಏಪ್ರಿಲ್ 30ನ್ನು ಅಂತರರಾಷ್ಟ್ರೀಯ ಜಾಝ್ ದಿನವೆಂದು ಘೋಷಿಸಿತು. ಕಾಂಗೊ ಚೌಕವಿರುವ ಉದ್ಯಾನಕ್ಕೆ ಆರ್ಮ್‌ಸ್ಟ್ರಾಂಗ್‌ನ ಹೆಸರಿದೆ. 2022ರ ಜನವರಿ 5ರಂದು ಲೂಸಿಯಾನದ ರಾಜ್ಯಪಾಲ, 1925ರಲ್ಲೇ ತೀರಿಕೊಂಡಿದ್ದ ಹೋಮರ್ ಪ್ಲೆಸ್ಸಿಗೆ ಕ್ಷಮಾದಾನದ ಪತ್ರಕ್ಕೆ ಸಹಿ ಹಾಕಿದ. ಅವನು 25 ಡಾಲರ್ ದಂಡ ಕಟ್ಟಿದ ಪ್ರಕರಣ ಇತ್ಯರ್ಥವಾಗಿ ಆಗ 125 ವರ್ಷ.

ಜಾಝ್ ಒಂದೇ ಜನರ ಸೊತ್ತಾಗಿ ಉಳಿದಿಲ್ಲ, ಉಳಿಯಬೇಕಾಗಿಯೂ ಇಲ್ಲ. ಗುಡ್‌ಮನ್ ತಂಡದಿಂದ ಬೆಂಗಳೂರಿನ ಮೃದಂಗದವರೆಗೆ ಅದು ಬೆಳೆದದ್ದೇ ಹಂಚಿಕೊಂಡು. ಆದರೆ ಹಂಚಿಕೊಳ್ಳುವುದು ಬೇರೆ, ಹುಟ್ಟಿಸಿದವರ ಹೆಸರು ಅಳಿಸುವುದು ಬೇರೆ. ತಡವಾಗಿಯಾದರೂ ತೀರ್ಪನ್ನು ತಿದ್ದಬಹುದು, ಉದ್ಯಾನಕ್ಕೆ ಹೆಸರಿಡಬಹುದು. 1917ರ ಆ ತಟ್ಟೆಯಲ್ಲಿನ ಕುದುರೆಯ ಕೆನೆತವನ್ನು ಇವತ್ತೂ ಕೇಳಬಹುದು. ಅದಕ್ಕೆ ದಾರಿ ಮಾಡಿಕೊಟ್ಟ ಬಡ್ಡಿ ಬೋಲ್ಡನ್‌ನ ಕಾರ್ನೆಟ್ ಮಾತ್ರ ಇನ್ನು ಯಾರಿಗೂ ಕೇಳಿಸದು.